ತಗ್ಗಿನಲ್ಲಿ ಸಿರಿವಂತರು, ದಿಣ್ಣೆಯ ಮೇಲೆ ಬಡವರು

ವಿಮಾನ ಕೆಳಗಿಳಿಯುತ್ತಿದ್ದರೂ ಒಳಗೆ ಕೂತವರ ಮೈ ಬೆಟ್ಟ ಹತ್ತುತ್ತಿರುವ ಊರೊಂದಿದೆ. ಹಾರಾಟದ ವೇಳೆ ವಿಮಾನದೊಳಗಿನ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ ಎರಡು, ಎರಡೂವರೆ ಸಾವಿರ ಮೀಟರ್ ಎತ್ತರದ ಗುಡ್ಡದ ಮೇಲೆ ಇರುವಷ್ಟಕ್ಕೆ ಕಾಯ್ದುಕೊಳ್ಳುತ್ತಾರೆ. ಬೇರೆ ಊರುಗಳಲ್ಲಿ ಇಳಿಯುವಾಗ ಆ ಒತ್ತಡ ಹೆಚ್ಚುತ್ತಾ ಬರುತ್ತದೆ. ಬೊಲಿವಿಯಾದ ಲಾ ಪಾಜ್‌ಗೆ ಬರುವಾಗ ಮಾತ್ರ ಉಲ್ಟಾ. ಅಲ್ಲಿನ ಎಲ್ ಆಲ್ಟೊ ವಿಮಾನ ನಿಲ್ದಾಣ ಇರುವುದೇ 4,061 ಮೀಟರ್ ಎತ್ತರದಲ್ಲಿ. ಚಕ್ರ ನೆಲ ಮುಟ್ಟುವ ಹೊತ್ತಿಗೆ ಒಳಗಿನ ಗಾಳಿಯನ್ನೂ ಹೊರಗಿನಷ್ಟೇ ತೆಳ್ಳಗೆ ಮಾಡಿರಬೇಕು. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅದರ ನೆತ್ತಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ತಂದಿಟ್ಟರೂ ಈ ರನ್‌ವೇ ಅದಕ್ಕಿಂತ ಮೇಲೇ ಇರುತ್ತದೆ. ರನ್‌ವೇ ಉದ್ದ ನಾಲ್ಕು ಕಿಲೋಮೀಟರ್. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಬೇಗ ಸಿಗುವುದಿಲ್ಲ, ವಿಮಾನ ಇನ್ನಷ್ಟು ಜೋರಾಗಿ, ಇನ್ನಷ್ಟು ದೂರ ಓಡಬೇಕಾಗುತ್ತದೆ.

ಒಬ್ಬಳೇ ಹೆಗಲಿಗೆ ಚೀಲ ಹಾಕಿಕೊಂಡು ಈ ಊರಿಗೆ ಹೊರಟಾಗ ಬಂಧುಗಳು ಎಚ್ಚರಿಸಿದ್ದು ಕಳ್ಳರ ಬಗ್ಗೆ. ಅಲ್ಲಿ ಇಳಿದ ಮೇಲೆ ಗೊತ್ತಾಗುವುದೇ ಬೇರೆ. ಲಾ ಪಾಜ್‌ನಲ್ಲಿ ಯಾವ ಪ್ರಶ್ನೆ ಕೇಳಿದರೂ ಉತ್ತರ ಎತ್ತರದಿಂದಲೇ ಶುರುವಾಗುತ್ತದೆ. ಮನೆ ಬಾಡಿಗೆ ಎಷ್ಟು, ಬೇಳೆ ಬೇಯುವುದಕ್ಕೆ ಎಷ್ಟು ಹೊತ್ತು, ಅಧ್ಯಕ್ಷರು ಯಾಕೆ ದೇಶ ಬಿಟ್ಟು ಓಡಿದರು, ಅರ್ಜೆಂಟೀನಾ ಆರು ಗೋಲು ಯಾಕೆ ತಿಂದಿತು: ಎಲ್ಲಕ್ಕೂ ಮೊದಲು ಸಮುದ್ರಮಟ್ಟದಿಂದ ಎಷ್ಟು ಮೀಟರ್ ಮೇಲಿದ್ದೇವೆ ಎಂದು ನೋಡಿಕೊಳ್ಳಬೇಕು.

ಮೊದಲ ಲೆಕ್ಕ ಉಸಿರಿನದು. ಎತ್ತರದಲ್ಲಿ ಆಮ್ಲಜನಕವೇ ಕಡಿಮೆ ಎನ್ನುವುದು ಅರ್ಧ ಸತ್ಯ. ಗಾಳಿಯಲ್ಲಿ ಅದರ ಪಾಲು ಎಲ್ಲೆಡೆಯಂತೆ ಅಲ್ಲೂ ಶೇ 21. ಕಡಿಮೆಯಾಗುವುದು ಒತ್ತಡ. ಸುಮಾರು 3,640 ಮೀಟರ್ ಎತ್ತರದಲ್ಲಿರುವ ನಗರದ ನಡುಭಾಗದಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡು ಪಾಲಿಗಿಂತಲೂ ಸ್ವಲ್ಪ ಕಡಿಮೆ. ಹಾಗಾಗಿ ಒಂದೊಂದು ಉಸಿರಿಗೂ ಶ್ವಾಸಕೋಶಕ್ಕೆ ಸಿಗುವ ಆಮ್ಲಜನಕ ಅಷ್ಟರಮಟ್ಟಿಗೆ ಕಮ್ಮಿ. ಬೈಕ್ ಹತ್ತಿ ಲಡಾಖ್‌ಗೆ ಹೋಗಿಬಂದ ಹುಡುಗರಿಗೆ ಇದು ಗೊತ್ತಿರುತ್ತದೆ. ಲೇಹ್ ಕೂಡ ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ಆದರೆ ಲೇಹ್ ಸಣ್ಣ ಊರು. ಇಲ್ಲಿ ಲಾ ಪಾಜ್ ಮತ್ತು ಅದರ ನೆತ್ತಿಯ ಮೇಲಿನ ಎಲ್ ಆಲ್ಟೊ ಸೇರಿ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಈ ಗಾಳಿಯಲ್ಲೇ ಬಸ್ ಹಿಡಿಯಲು ಓಡುತ್ತಾರೆ, ಮದುವೆ ಮೆರವಣಿಗೆಯಲ್ಲಿ ತುತ್ತೂರಿ ಊದುತ್ತಾರೆ. ತುತ್ತೂರಿ ಊದುವವರನ್ನು ನಾನು ಬಹಳ ಹೊತ್ತು ನಿಂತು ನೋಡಿದೆ. ಆಗ ನನಗೆ ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು.

ತಲೆನೋವು, ವಾಕರಿಕೆ, ನಿದ್ದೆಯ ನಡುವೆ ಉಸಿರು ಕಟ್ಟಿದಂತಾಗಿ ಎಚ್ಚರವಾಗುವುದು, ಇದಕ್ಕೆಲ್ಲ ಅಲ್ಲಿನವರು ಸೊರೋಚೆ ಎನ್ನುತ್ತಾರೆ. ಜೊತೆಗೆ ಯಾರಾದರೂ ಇದ್ದರೆ ಮುಖ ನೋಡಿ ಹೇಳುತ್ತಾರೆ. ಒಂಟಿಯಾಗಿ ಹೋದವರು ತಂಗುವ ಜಾಗದ ಸ್ವಾಗತ ಮೇಜಿನವರಿಗಾದರೂ, ಬೆಳಿಗ್ಗೆ ಕೆಳಗೆ ಬರದಿದ್ದರೆ ಬಾಗಿಲು ತಟ್ಟಿ ಎಂದು ಹೇಳಿಟ್ಟಿರಬೇಕು. ಅವರಿಗೆ ಇದು ಹೊಸದಲ್ಲ, ನಗುವುದಿಲ್ಲ. ಬಿಸಿನೀರಿಗೆ ಕೋಕಾ ಎಲೆ ಹಾಕಿ ಮುಂದಿಡುತ್ತಾರೆ.

ಈ ಎಲೆಯ ಬಗ್ಗೆ ಸ್ವಲ್ಪ ಹೇಳಬೇಕು. ಕೊಕೇನ್ ತೆಗೆಯುವುದು ಇದರಿಂದಲೇ ನಿಜ. ಆದರೆ ಕೊಕೇನ್‌ಗೆ ಕ್ವಿಂಟಲ್‌ಗಟ್ಟಲೆ ಎಲೆ ಮತ್ತು ರಾಸಾಯನಿಕಗಳು ಬೇಕು. ಬರಿಯ ಎಲೆ ಆಂಡಿಸ್ ಬೆಟ್ಟದವರು ಸಾವಿರಾರು ವರ್ಷಗಳಿಂದ ದವಡೆಯಲ್ಲಿಟ್ಟುಕೊಂಡಿರುವ ವಸ್ತು. ಹಸಿವು, ದಣಿವು, ಚಳಿ ಮರೆಸುತ್ತದೆ ಎನ್ನುತ್ತಾರೆ. ನಮ್ಮ ಎಲೆಯಡಿಕೆಗೆ ಸುಣ್ಣ ಬೇಕಾದಂತೆ ಇದಕ್ಕೂ ಬೂದಿಯಿಂದ ಮಾಡಿದ ಕ್ಷಾರದ ಚೂರೊಂದು ಬೇಕು. ಅದಿಲ್ಲದೆ ಎಲೆಯ ಸಾರ ಬಿಡುವುದಿಲ್ಲ. 2009ರ ಬೊಲಿವಿಯಾ ಸಂವಿಧಾನ ಕೋಕಾವನ್ನು ಪರಂಪರೆಯ ಸೊತ್ತು ಎಂದು ಕಾಪಾಡುತ್ತದೆ. ವಿಶ್ವಸಂಸ್ಥೆಯ 1961ರ ಮಾದಕವಸ್ತು ಒಪ್ಪಂದ ಎಲೆಯನ್ನೂ ನಿಷೇಧಿತ ಪಟ್ಟಿಗೆ ಸೇರಿಸಿದ್ದರಿಂದ ಆ ದೇಶ ಒಪ್ಪಂದದಿಂದಲೇ ಹೊರಬಂದು, ಎಲೆ ಜಗಿಯುವ ಹಕ್ಕನ್ನು ಉಳಿಸಿಕೊಂಡು 2013ರಲ್ಲಿ ಮತ್ತೆ ಒಳಹೊಕ್ಕಿತು. ಆಗ ಅಧ್ಯಕ್ಷರಾಗಿದ್ದ ಇವೋ ಮೊರಾಲೆಸ್ ಸ್ವತಃ ಕೋಕಾ ಬೆಳೆಗಾರರ ಸಂಘದ ನಾಯಕರು. ಭಾರತದ ಮಾದಕವಸ್ತು ಕಾಯ್ದೆಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ನೆನಪಿಗೆಂದು ನಾಲ್ಕು ಎಲೆ ಚೀಲಕ್ಕೆ ಹಾಕಿಕೊಂಡು ಬರುವ ಆಸೆ ಇರುವವರು ಅದನ್ನು ಅಲ್ಲೇ ಬಿಟ್ಟು ಬರಬೇಕು.

ಉಸಿರು ಹತೋಟಿಗೆ ಬಂದ ಮೇಲೆ ಊರು ಕಾಣಿಸತೊಡಗುತ್ತದೆ. ಲಾ ಪಾಜ್ ಒಂದು ಆಳ ಕಣಿವೆ. ಅಂಚಿನಲ್ಲಿ ಬಟ್ಟ ಬಯಲಿನ ಎಲ್ ಆಲ್ಟೊ, 4,100 ಮೀಟರ್ ಆಸುಪಾಸು. ಅಲ್ಲಿಂದ ಕೆಳಕ್ಕೆ ಬಣ್ಣ ಬಳಿಯದ ಇಟ್ಟಿಗೆ ಮನೆಗಳು ಇಳಿಜಾರಿನ ತುಂಬ ಒಂದರ ಮೇಲೊಂದು. ನಡುವೆ ಹಳೆಯ ನಗರ, ಸರ್ಕಾರದ ಕಟ್ಟಡಗಳು, ಚರ್ಚು. ಅದಕ್ಕೂ ಕೆಳಗೆ, 3,200ರಿಂದ 3,400 ಮೀಟರ್‌ನಲ್ಲಿ ಸೋನಾ ಸೂರ್, ಅಂದರೆ ದಕ್ಷಿಣ ಭಾಗದ ಬಡಾವಣೆಗಳು: ಕಾಂಪೌಂಡು, ಹುಲ್ಲುಹಾಸು, ರಾಯಭಾರಿಗಳ ಮನೆ, ದುಬಾರಿ ಕಾಫಿ. ನಮ್ಮಲ್ಲಿ ಗಿರಿಧಾಮದ ಬಂಗಲೆ ಎಂದರೆ ಮೇಲಿರುತ್ತದೆ, ನೆರೆ ಬರುವ ತಗ್ಗು ಬಡವರ ಪಾಲಾಗುತ್ತದೆ. ಲಾ ಪಾಜ್‌ನಲ್ಲಿ ತಗ್ಗಿಗೆ ಬೆಲೆ. ಕೆಳಗಿಳಿದಷ್ಟೂ ಚಳಿ ಕಡಿಮೆ, ಗಾಳಿ ದಪ್ಪ, ಮರಗಳು ಬೆಳೆಯುತ್ತವೆ. ನೂರು ಮೀಟರ್ ಇಳಿದರೆ ಬಾಡಿಗೆ ಏರುತ್ತದೆ. ಊರಿನ ಬಹಳಷ್ಟು ಕಡೆಯಿಂದ ನೋಡಿದರೆ ಆಗ್ನೇಯಕ್ಕೆ 6,400 ಮೀಟರ್ ಮೀರಿದ ಇಲ್ಲಿಮಾನಿ ಹಿಮಶಿಖರ. ಅದು ಮಾತ್ರ ಮೇಲಿನವರಿಗೂ ಕೆಳಗಿನವರಿಗೂ ಪುಕ್ಕಟೆ.

ಸ್ಪ್ಯಾನಿಷರು 1548ರಲ್ಲಿ ಊರನ್ನು ಈ ಕಣಿವೆಯೊಳಗೆ ಕಟ್ಟಿದ್ದು ಬೀಸುಗಾಳಿಯಿಂದ ತಪ್ಪಿಸಿಕೊಳ್ಳಲು. ಅದೇ ಅವರಿಗೆ ಮುಳುವಾಯಿತು. ಕಣಿವೆಯ ಅಂಚನ್ನು ಹಿಡಿದವನ ಕೈಯಲ್ಲಿ ಊರಿನ ಗಂಟಲಿರುತ್ತದೆ. 1781ರಲ್ಲಿ ಇಲ್ಲಿನ ಮೂಲನಿವಾಸಿ ಐಮಾರಾ ಜನರ ನಾಯಕ ತುಪಾಕ್ ಕಟಾರಿ ಇದನ್ನೇ ಮಾಡಿದ. ಹೆಂಡತಿ ಬಾರ್ತೊಲಿನಾ ಸೀಸಾ ಜೊತೆಗೂಡಿ ಸಾವಿರಾರು ಆದಿವಾಸಿ ರೈತರೊಂದಿಗೆ ಎತ್ತರದಲ್ಲಿ ಬೀಡುಬಿಟ್ಟು, ಎರಡು ಸಲ ಸೇರಿ ಸುಮಾರು ಆರು ತಿಂಗಳು ಲಾ ಪಾಜ್‌ಗೆ ಮುತ್ತಿಗೆ ಹಾಕಿದ. ಊರೊಳಗೆ ಹಸಿವಿನಿಂದ ಸಾವಿರಾರು ಜನ ಸತ್ತರು. ಕೊನೆಗೆ ಕಟಾರಿಯನ್ನು ಹಿಡಿದು ನಾಲ್ಕು ಕಡೆಗೆ ಎಳೆಸಿ ಕೊಂದರು, ಮರುವರ್ಷ ಸೀಸಾಳನ್ನು ಗಲ್ಲಿಗೇರಿಸಿದರು. 2013ರಲ್ಲಿ ಹಾರಿದ ಬೊಲಿವಿಯಾದ ಮೊದಲ ಉಪಗ್ರಹಕ್ಕೆ ಕಟಾರಿಯದೇ ಹೆಸರು.

ಮೇಲಿನವರು ಕೆಳಗಿನವರ ದಾರಿ ಕಟ್ಟುವ ಆಟ ಅಲ್ಲಿಗೆ ಮುಗಿಯಲಿಲ್ಲ. 1985ರಲ್ಲಿ ಜಗತ್ತಿನ ತವರದ ಬೆಲೆ ಕುಸಿದು, ಸರ್ಕಾರಿ ಗಣಿ ಕಂಪನಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಮನೆಗೆ ಕಳಿಸಿತು. ಅವರಲ್ಲಿ ಬಹಳಷ್ಟು ಮಂದಿ ಬಂದು ಸೇರಿದ್ದು ಎಲ್ ಆಲ್ಟೊಗೆ. ಅದೇ ವರ್ಷ ಅದು ಲಾ ಪಾಜ್‌ನಿಂದ ಬೇರೆಯಾಗಿ ಪ್ರತ್ಯೇಕ ಪುರಸಭೆಯಾಯಿತು. ಬಂದವರು ಬರಿಗೈಯಲ್ಲಿ ಬರಲಿಲ್ಲ, ಗಣಿ ಯೂನಿಯನ್ನಿನ ಸಂಘಟನೆಯ ಅಭ್ಯಾಸವನ್ನೂ ಹೊತ್ತು ತಂದರು. ನೈಸರ್ಗಿಕ ಅನಿಲವನ್ನು ಹೊರದೇಶಕ್ಕೆ ಮಾರುವ ಯೋಜನೆಯ ವಿರುದ್ಧ 2003ರ ಅಕ್ಟೋಬರ್‌ನಲ್ಲಿ ಎಲ್ ಆಲ್ಟೊ ರಸ್ತೆಗಳನ್ನು ಮುಚ್ಚಿತು. ಪೆಟ್ರೋಲ್ ಡಿಪೋ ಇರುವ ಸೆಂಕಾಟಾ ಕೂಡ ಮೇಲೆಯೇ. ಕೆಳಗೆ ಇಂಧನವಿಲ್ಲ, ಮಾಂಸವಿಲ್ಲ, ಬ್ರೆಡ್ಡಿಲ್ಲ. ಸೈನ್ಯ ಗುಂಡು ಹಾರಿಸಿತು, 60ಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್ 17ರಂದು ಅಧ್ಯಕ್ಷ ಗೊನ್ಸಾಲೊ ಸಾಂಚೆಸ್ ದೆ ಲೊಸಾದಾ ರಾಜೀನಾಮೆ ಕೊಟ್ಟು ಅಮೆರಿಕಕ್ಕೆ ಹೊರಟುಹೋದರು. ಭೂಪಟವನ್ನು ಓದಲು ಬಂದರೆ ಈ ದೇಶದ ರಾಜಕೀಯ ಅರ್ಧ ಅರ್ಥವಾದಂತೆ.

ಮೇಲಿನ ಊರಿಗೂ ಕೆಳಗಿನ ಊರಿಗೂ ನಡುವೆ ಈಗ ಕೇಬಲ್ ಕಾರುಗಳು ಓಡಾಡುತ್ತವೆ. ಮಿ ತೆಲೆಫೆರಿಕೊ ಎಂಬ ಈ ಸರ್ಕಾರಿ ವ್ಯವಸ್ಥೆ ಪ್ರವಾಸಿಗರ ಮೋಜಿಗೆ ಇಟ್ಟದ್ದಲ್ಲ, ನಗರಸಾರಿಗೆ. ಮೊದಲ ಮಾರ್ಗವಾದ ಕೆಂಪು ಲೈನ್ ಶುರುವಾದದ್ದು 2014ರ ಮೇ 30ರಂದು. ಅದೇ ವರ್ಷ ಹಳದಿ, ಹಸಿರು ಬಂದವು. ಮೂರೂ ಸೇರಿದರೆ ರಾಷ್ಟ್ರಧ್ವಜದ ಬಣ್ಣ. 2019ರ ಹೊತ್ತಿಗೆ ಹತ್ತು ಮಾರ್ಗಗಳಾಗಿ, ಒಟ್ಟು ಉದ್ದ ಸುಮಾರು 30 ಕಿಲೋಮೀಟರ್ ಮುಟ್ಟಿತ್ತು. ನಗರಸಾರಿಗೆಗೆಂದು ಇಷ್ಟು ದೊಡ್ಡ ಕೇಬಲ್ ಕಾರ್ ಜಾಲ ಆಗ ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ. ಇಲ್ಲಿ ಮೆಟ್ರೋ ಕೊರೆಯುವುದು ಕಷ್ಟ: ನೆಲ ಸಡಿಲ, ಇಳಿಜಾರು ಕಡಿದು. ರಸ್ತೆ ಅಗಲ ಮಾಡೋಣವೆಂದರೆ ಎರಡೂ ಬದಿಗೆ ಮನೆ. ಕೇಬಲ್ ಕಾರಿಗಾದರೆ ಅಲ್ಲೊಂದು ಇಲ್ಲೊಂದು ಕಂಬ ನೆಡುವಷ್ಟು ಜಾಗ ಸಾಕು. ಒಂದೊಂದು ಪೆಟ್ಟಿಗೆಯಲ್ಲಿ ಹತ್ತು ಜನ, ಹನ್ನೆರಡು ಸೆಕೆಂಡಿಗೊಂದು ಪೆಟ್ಟಿಗೆ, ಹೀಗೆ ಗಂಟೆಗೆ ಒಂದು ದಿಕ್ಕಿನಲ್ಲಿ ಮೂರು ಸಾವಿರ ಜನ. ತಿರುವುಮುರುವು ರಸ್ತೆಯಲ್ಲಿ ಮಿನಿಬಸ್ಸಿಗೆ ದಟ್ಟಣೆಯ ಹೊತ್ತಲ್ಲಿ ಒಂದು ಗಂಟೆ ಹಿಡಿಯುವ ದಾರಿಯನ್ನು ಕೆಂಪು ಲೈನ್ ಹತ್ತು ನಿಮಿಷದಲ್ಲಿ ಮುಗಿಸುತ್ತದೆ. ನಾನು ಹೋದಾಗ ಟಿಕೆಟ್ಟು 3 ಬೊಲಿವಿಯಾನೊ ಇತ್ತು.

ಕೆಂಪು ಲೈನ್ ಹಳೆಯ ರೈಲು ನಿಲ್ದಾಣದಿಂದ ಹೊರಟು ದೊಡ್ಡ ಸ್ಮಶಾನದ ಮೇಲೆ ಹಾದುಹೋಗುತ್ತದೆ. ಅಲ್ಲಿ ಗೋರಿಗಳೂ ಬಹುಮಹಡಿ. ಗೋಡೆಯಲ್ಲಿ ಗೂಡು, ಗೂಡಿಗೊಂದು ಗಾಜಿನ ಬಾಗಿಲು, ಒಳಗೆ ಹೂವು. ಮುಂದೆ ತಗಡಿನ ಮಾಳಿಗೆಗಳು, ಮಾಳಿಗೆಯ ಮೇಲೆ ಬೊಗಳುವ ನಾಯಿ. ಮೇಲೆ ತಲುಪಿದರೆ ಗುರುವಾರ ಮತ್ತು ಭಾನುವಾರಗಳಂದು ಎಲ್ ಆಲ್ಟೊದ ಬೃಹತ್ ಸಂತೆ: ಹಳೆ ಬಟ್ಟೆಯಿಂದ ಕಾರಿನ ಎಂಜಿನ್‌ವರೆಗೆ ಎಲ್ಲವೂ ನೆಲದ ಮೇಲೆ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಪೆಟ್ಟಿಗೆಯ ಒಳಗಿನ ಪದ್ಧತಿ. ಒಳಗೆ ಬಂದವರು ಎದುರು ಬದುರು ಕೂರಬೇಕು, ಕೂರುವ ಮುನ್ನ ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಹೇಳುತ್ತಾರೆ. ಒಂಟಿಯಾಗಿ ತಿರುಗುವವಳಿಗೆ ದಿನದ ಮೊದಲ ಮಾತು ಅಲ್ಲೇ ಸಿಗುತ್ತದೆ. ನೆರಿಗೆಯ ದಪ್ಪ ಲಂಗ, ಬೌಲರ್ ಹ್ಯಾಟು, ಬೆನ್ನಿಗೆ ಬಣ್ಣದ ಬಟ್ಟೆಯಲ್ಲಿ ಕಟ್ಟಿದ ಗಂಟು ಹೊತ್ತ ಅಜ್ಜಿಯೊಬ್ಬರು “ಒಬ್ಬಳೇ ಬಂದೆಯಾ ಮಗಳೇ?” ಎಂದರು. ಹೌದೆಂದೆ. ಇಂಡಿಯಾ ಎಲ್ಲಿದೆ ಎಂದು ಅವರು ಕೇಳಲಿಲ್ಲ. “ನಿಮ್ಮೂರು ಮೇಲಿದೆಯೋ ಕೆಳಗಿದೆಯೋ?” ಎಂದರು. ಬೆಂಗಳೂರು ಒಂಬೈನೂರು ಮೀಟರ್ ಮೇಲಿದೆ, ತಂಪಿನ ಊರು ಎಂದು ನನ್ನ ಹರಕು ಸ್ಪ್ಯಾನಿಷ್‌ನಲ್ಲಿ ಹೆಮ್ಮೆಯಿಂದಲೇ ಹೇಳಿದೆ. “ಹಾಗಾದರೆ ತೀರಾ ಕೆಳಗೆ” ಎಂದು ಕಿತ್ತಳೆಯೊಂದನ್ನು ಸುಲಿದು ಕೊಟ್ಟರು.

ಹಳದಿಯಿಂದ ಹಸಿರಿಗೆ ಬದಲಾಯಿಸಿದರೆ ಎಲ್ ಆಲ್ಟೊದ ಮನೆಗೆಲಸದಾಕೆ ಅರ್ಧ ಗಂಟೆಯ ಸುಮಾರಿಗೆ ಸೋನಾ ಸೂರ್ ತಲುಪುತ್ತಾಳೆ. ಮೊದಲು ಇದೇ ದಾರಿಗೆ ಎರಡು ಮೂರು ಮಿನಿಬಸ್ ಬದಲಾಯಿಸಬೇಕಿತ್ತು. ಹಸಿರು ಲೈನ್ ಸಾಹುಕಾರರ ಹಿತ್ತಿಲ ಮೇಲೆಯೇ ಸಾಗುವುದರಿಂದ ಒಳಗೆ ಕೂತವರಿಗೆ ಎತ್ತರದ ಕಾಂಪೌಂಡಿನಾಚೆಯ ಸಂಸಾರವೆಲ್ಲ ಕಾಣುತ್ತದೆ. ಕೇಬಲ್ ಕಾರು ವರ್ಗಭೇದ ಅಳಿಸಿತು ಎಂದು ಸರ್ಕಾರದ ಜಾಹೀರಾತಿನವರು ಹೇಳಬಹುದು, ನಾನು ಅಷ್ಟು ದೂರ ಹೋಗಲಾರೆ. ಬೆಳಿಗ್ಗೆ ಇಳಿಯುವವರೂ ಸಂಜೆ ಏರುವವರೂ ಅವರೇ. ಊರಿನ ಹೆಚ್ಚಿನ ಜನರನ್ನು ಹೊತ್ತು ತಿರುಗುವುದು ಇವತ್ತಿಗೂ ಕಿಟಕಿಯಿಂದ ತಲೆ ಹೊರಹಾಕಿ ಊರ ಹೆಸರು ಕೂಗುವ ಮಿನಿಬಸ್ಸುಗಳೇ. ಅವುಗಳ ಎದುರು ರಸ್ತೆ ದಾಟಿಸಲು 2001ರಿಂದ ಜೀಬ್ರಾ ವೇಷದ ಯುವಕ ಯುವತಿಯರನ್ನು ನಗರಸಭೆ ನಿಲ್ಲಿಸಿದೆ. ಚಾಲಕರು ಪೊಲೀಸರಿಗಿಂತ ಜೀಬ್ರಾಗೆ ಹೆಚ್ಚು ಮರ್ಯಾದೆ ಕೊಡುವಂತೆ ಕಂಡಿತು.

ಹಳೆಯ ನಗರದ ನಡುಚೌಕ ಪ್ಲಾಸಾ ಮುರಿಯೋದಲ್ಲಿ ಸಂಸತ್ ಭವನದ ಗಡಿಯಾರ ಎಡಕ್ಕೆ ತಿರುಗುತ್ತದೆ. ಉತ್ತರಾರ್ಧಗೋಳದ ಗಡಿಯಾರ ದಕ್ಷಿಣದವರಿಗೆ ಯಾಕೆ ಎಂದು 2014ರಲ್ಲಿ ಹೀಗೆ ಬದಲಿಸಿದರು. ಇಲ್ಲಿನ ಪಾರಿವಾಳಗಳಿಗೆ ಕಾಳು ಹಾಕುವ ಮಕ್ಕಳ ನಡುವೆ ನಿಂತಾಗ, 1946ರಲ್ಲಿ ಅಧ್ಯಕ್ಷ ವಿಯಾರೊಯೆಲ್ ಅವರನ್ನು ಉದ್ರಿಕ್ತ ಜನ ಇದೇ ಚೌಕದ ದೀಪದ ಕಂಬಕ್ಕೆ ನೇತುಹಾಕಿದ್ದರು ಎಂದು ನಂಬುವುದು ಕಷ್ಟ. ಅಂದಹಾಗೆ ಸಂವಿಧಾನದ ಪ್ರಕಾರ ಬೊಲಿವಿಯಾದ ರಾಜಧಾನಿ ಸುಕ್ರೆ. 1899ರ ಅಂತರ್ಯುದ್ಧದಲ್ಲಿ ಗೆದ್ದ ಲಾ ಪಾಜ್‌ನವರು ಸರ್ಕಾರವನ್ನು ತಮ್ಮೂರಿಗೆ ಹೊತ್ತು ತಂದರು, ನ್ಯಾಯಾಲಯವನ್ನು ಅಲ್ಲೇ ಬಿಟ್ಟರು.

ಊಟದ ಮೇಲೂ ಎತ್ತರದ ಹಿಡಿತವಿದೆ. ನಗರದ ನಡುವೆ ನೀರು ಸುಮಾರು 88 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗದು. ಕುಕ್ಕರ್ ಇಲ್ಲದೆ ಕಾಳು ಬೇಯಿಸಲು ಹೊರಟವರು ಸಂಜೆಯವರೆಗೆ ಕಾಯಬೇಕು. ಚಳಿಯನ್ನೇ ಅಡುಗೆಗೆ ಬಳಸಿಕೊಂಡ ಜಾಣ್ಮೆ ಚೂನ್ಯೊ. ಜೂನ್, ಜುಲೈನ ಕೊರೆವ ರಾತ್ರಿಗಳಲ್ಲಿ ಸಣ್ಣ ಆಲೂಗಡ್ಡೆಗಳನ್ನು ಬಯಲಲ್ಲಿ ಹರಡಿ ಹೆಪ್ಪುಗಟ್ಟಿಸುತ್ತಾರೆ, ಹಗಲಲ್ಲಿ ತುಳಿದು ನೀರು ಹಿಂಡಿ ಬಿಸಿಲಿಗೆ ಒಣಗಿಸುತ್ತಾರೆ. ಕಪ್ಪಗೆ, ಹಗುರವಾಗಿ, ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ರುಚಿಯ ಬಗ್ಗೆ ನನ್ನದು ತಕರಾರಿದೆ: ಮಣ್ಣಿನ ವಾಸನೆ, ಒದ್ದೆ ಬೆಂಡಿನ ಅಗಿತ. ಆದರೆ ಆಲೂಗಡ್ಡೆಯ ತವರೇ ಇದು. ಹತ್ತಿರದ ಟಿಟಿಕಾಕಾ ಸರೋವರದ ಸುತ್ತಲಿನ ಆಂಡಿಸ್‌ನಿಂದ ಹೊರಟ ಗೆಡ್ಡೆ ಯುರೋಪು ಸುತ್ತಿ ಹಾಸನದ ಹೊಲಕ್ಕೂ ಬಂದಿದೆ. ನಮ್ಮ ಶೇಂಗಾ ಕೂಡ ಇದೇ ಬೊಲಿವಿಯಾದ ದಕ್ಷಿಣ, ಅರ್ಜೆಂಟೀನಾದ ಉತ್ತರ ಸೀಮೆಯ ಗಿಡ. ಹಸಿ ಶೇಂಗಾ ಅರೆದು ಮಾಡಿದ ಸೋಪಾ ದೆ ಮನಿ ಸಾರನ್ನು ಉತ್ತರ ಕರ್ನಾಟಕದವರು ಒಂದೇ ಗುಟುಕಿಗೆ ಮೆಚ್ಚಿಯಾರು, ಅದರಲ್ಲಿ ಮಾಂಸದ ನೀರಿಲ್ಲ ಎಂದು ಖಾತ್ರಿಯಾದರೆ. ಸಸ್ಯಾಹಾರಿ ಎಂದರೆ ಅಲ್ಲಿ ಕೋಳಿ ತಂದಿಡುವ ಸಂಭವವಿದೆ. ಚಳಿಯ ಬೆಳಗಿಗೆ ನೇರಳೆ ಜೋಳದ ಬಿಸಿ ಪಾನೀಯ ಆಪಿ, ಜೊತೆಗೆ ಕರಿದ ಗಿಣ್ಣಿನ ಕಡುಬು, ಇವು ನನ್ನ ಪಾಲಿಗೆ ಸಾಕಾಗಿದ್ದವು.

ಗಾಳಿ ತೆಳುವಾದರೆ ಫುಟ್ಬಾಲ್ ಚೆಂಡಿಗೆ ಓಟ ಹೆಚ್ಚು, ಆಟಗಾರನಿಗೆ ಕಡಿಮೆ. ಇದು ಅನ್ಯಾಯ ಎಂದು 2007ರಲ್ಲಿ ಫಿಫಾ 2,500 ಮೀಟರ್‌ಗಿಂತ ಮೇಲೆ ಅಂತರರಾಷ್ಟ್ರೀಯ ಪಂದ್ಯ ಕೂಡದು ಎಂದಿತು. ಬೊಲಿವಿಯಾ ರಂಪ ಮಾಡಿದ ಮೇಲೆ ಮರುವರ್ಷವೇ ಹಿಂದೆ ಸರಿಯಿತು. 2009ರ ಏಪ್ರಿಲ್ 1ರಂದು ಮರಡೋನಾ ತರಬೇತಿಯ, ಮೆಸ್ಸಿ ಇದ್ದ ಅರ್ಜೆಂಟೀನಾ ಲಾ ಪಾಜ್‌ನಲ್ಲಿ 6–1ರಿಂದ ಸೋತಿತು. ಅಷ್ಟೂ ಸಾಲದೆಂದು 2024ರಲ್ಲಿ ವಿಶ್ವಕಪ್ ಅರ್ಹತಾ ಪಂದ್ಯಗಳನ್ನು ಇನ್ನೂ ಮೇಲಿನ ಎಲ್ ಆಲ್ಟೊ ಮೈದಾನಕ್ಕೆ ಒಯ್ದರು. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಬ್ರೆಜಿಲ್ 1–0ರಿಂದ ಬಿತ್ತು. ಐಮಾರಾ ಜನರ ರಕ್ತದಲ್ಲಿ ಹಿಮೋಗ್ಲೋಬಿನ್ ಹೆಚ್ಚು; ತಲೆಮಾರುಗಳಿಂದ ಮೈ ಕಲಿತ ವಿದ್ಯೆ ಅದು. ಟಿಬೆಟ್ಟಿನವರು ಅದೇ ಎತ್ತರಕ್ಕೆ ಬೇರೆ ದಾರಿ ಹಿಡಿದಿದ್ದಾರೆ, ಹಿಮೋಗ್ಲೋಬಿನ್ ಅಷ್ಟೊಂದು ಏರಿಸಿಕೊಳ್ಳದೆ ಹೆಚ್ಚು ಉಸಿರಾಡುತ್ತಾರೆ. ಬೆಂಗಳೂರಿನಿಂದ ಹೋದವಳಿಗೆ ಎರಡೂ ಇಲ್ಲ.

ತಗ್ಗಿನ ಸುಖಕ್ಕೆ ಒಂದು ಪೆಟ್ಟು ಬಿದ್ದದ್ದು ನೀರಿನಿಂದ. ಊರಿನ ಹತ್ತಿರದ ಚಕಲ್ತಾಯಾದಲ್ಲಿ ಒಂದು ಹಿಮನದಿ ಇತ್ತು, ಜಗತ್ತಿನ ಅತಿ ಎತ್ತರದ ಸ್ಕೀ ತಾಣವೆಂದು ಹೆಸರಾಗಿತ್ತು. 2009ರ ಹೊತ್ತಿಗೆ ಅದು ಪೂರ್ತಿ ಕರಗಿಹೋಯಿತು. 2016ರ ನವೆಂಬರ್‌ನಲ್ಲಿ, ಹಿಮದ ನೀರು ಕುಗ್ಗುತ್ತಿದ್ದಾಗಲೇ ಬರವೂ ಬಿದ್ದು, ಜಲಾಶಯಗಳು ತಳ ಕಂಡು, ಲಾ ಪಾಜ್‌ನ 90ಕ್ಕೂ ಹೆಚ್ಚು ಬಡಾವಣೆಗಳಲ್ಲಿ ನಲ್ಲಿ ನಿಂತಿತು. ಹೆಚ್ಚು ಹೊಡೆತ ತಿಂದವುಗಳಲ್ಲಿ ಸೋನಾ ಸೂರ್ ಕೂಡ ಇತ್ತು. ಆ ಭಾಗಕ್ಕೆ ನೀರು ಬರುವುದು ಬತ್ತಿದ ಜಲಾಶಯಗಳಿಂದಲೇ. ಹುಲ್ಲುಹಾಸಿನ ಮನೆಯವರು ಬಕೆಟ್ ಹಿಡಿದು ಟ್ಯಾಂಕರ್‌ಗೆ ಸಾಲು ನಿಂತರು. ಬೆಂಗಳೂರಿನವರಿಗೆ ಹೊಸ ದೃಶ್ಯವಲ್ಲ, ಅವರಿಗೆ ಹೊಸದಾಗಿತ್ತು.

ಇನ್ನು ಮೇಲಿನವರ ಸುದ್ದಿ. ಚೀನಾದ ಸಾಮಾನು ತರಿಸಿ ಮಾರಿ, ಲಾರಿ ಓಡಿಸಿ ದುಡ್ಡು ಮಾಡಿದ ಐಮಾರಾ ವ್ಯಾಪಾರಿಗಳು ಎಲ್ ಆಲ್ಟೊದಲ್ಲೀಗ ಕಣ್ಣು ಕುಕ್ಕುವ ಮಹಲುಗಳನ್ನು ಕಟ್ಟಿಸುತ್ತಿದ್ದಾರೆ. ಈ ಶೈಲಿಯನ್ನು ಹುಟ್ಟುಹಾಕಿದ ಫ್ರೆಡಿ ಮಮಾನಿ ಗಾರೆ ಕೆಲಸದಿಂದ ಮೇಲೆ ಬಂದವರು. ಹಸಿರು, ಕಿತ್ತಳೆ, ನೇರಳೆ ಬಣ್ಣಗಳು, ಪುರಾತನ ತಿವಾನಾಕು ನಗರದ ಅವಶೇಷಗಳಿಂದ ಮತ್ತು ಐಮಾರಾ ನೇಯ್ಗೆಯಿಂದ ತೆಗೆದ ಚಿತ್ತಾರ, ಒಳಗೆ ಝಗಝಗಿಸುವ ತೂಗುದೀಪ. ನೆಲಮಹಡಿಯಲ್ಲಿ ಅಂಗಡಿ, ಅದರ ಮೇಲೆ ಮದುವೆ ಹಾಲ್, ಅದರ ಮೇಲೆ ಬಾಡಿಗೆ ಮನೆಗಳು, ಎಲ್ಲಕ್ಕೂ ಮೇಲೆ ಮಾಳಿಗೆಯಲ್ಲಿ ಮಾಲೀಕರ ಸ್ವಂತ ಮನೆ. ನೀಲಿ ಲೈನ್‌ನಲ್ಲಿ ಎಲ್ ಆಲ್ಟೊದ ಮೇಲೆ ಸಾಗುವಾಗ ಇವು ಒಂದಾದ ಮೇಲೊಂದು ಕಾಣಿಸುತ್ತವೆ. ಸೋನಾ ಸೂರ್‌ನಲ್ಲಿ ಬಂಗಲೆ ಕೊಳ್ಳುವಷ್ಟು ಹಣ ಈ ಮಾಲೀಕರ ಬಳಿ ಇದೆ. ಆದರೂ ಇಳಿಯುತ್ತಿಲ್ಲ. ಗಿರಾಕಿಗಳು, ನೆಂಟರು, ಹಬ್ಬ, ವಾದ್ಯದವರು ಎಲ್ಲ ಇರುವುದು ಮೇಲೆ. ಕೆಳಗಿನ ವಾಸ್ತುಶಿಲ್ಪಿಗಳಲ್ಲಿ ಕೆಲವರು ಇದನ್ನು ಕಟ್ಟಡ ಎನ್ನಲೂ ಮೂಗು ಮುರಿಯುತ್ತಾರೆ. ಮದುವೆ ಹಾಲ್‌ಗಳಂತೂ ಖಾಲಿ ಬಿದ್ದಿಲ್ಲ.